ಹೆಪಾಯ ನಮಃ

1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ನಮ್ಮ ಅಮೃತಾಪುರದಲ್ಲಿ ದೇವಸ್ಥಾನ ಕಟ್ಟಿಸುವಾಗ ಮುಂದಿನ ದೊಡ್ಡ ಮಂಟಪಕ್ಕೆ ಪೂರ್ತಿ ಗೋಡೆ ಎಬ್ಬಿಸುವ ಗೋಜಿಗೆ ಹೋಗಲಿಲ್ಲ. ಸುತ್ತ ಒಂದು ಮೋಟುಗೋಡೆ, ಅದರ ಹೊರಮೈಗೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆ. ಅದರ ಮೇಲೆ ಬರೀ ಕಂಬ ಮತ್ತು ಗಾಳಿ. ಲಕ್ಕವಳ್ಳಿ ಕಡೆಯಿಂದ ಬಂದ ಗಾಳಿ ಒಂದು ಬದಿಯಿಂದ ನುಗ್ಗಿ, ಕಡೆದ ಕಂಬಗಳ ಸಂದಿಯಲ್ಲಿ ಸುಳಿದು, ಇನ್ನೊಂದು ಬದಿಯಿಂದ ತೋಟಕ್ಕೆ ಇಳಿದುಹೋಗುತ್ತದೆ. ಎಂಟು ಶತಮಾನ ದಾಟಿತು. ಈ ವ್ಯವಸ್ಥೆಗೆ ಯಾರೂ ಫಿಲ್ಟರ್ ಬದಲಿಸಿಲ್ಲ, ಸರ್ವಿಸ್ ಹುಡುಗ ಬಂದಿಲ್ಲ, ವಾರಂಟಿ ಮುಗಿಯಿತೆಂದು ಯಾರಿಗೂ ಮೆಸೇಜ್ ಹೋಗಿಲ್ಲ.

ಈಗ ಅದೇ ದೇವಸ್ಥಾನದ ಆಸುಪಾಸಿನಲ್ಲಿ ಅಡಿಕೆ ದುಡ್ಡಿನಲ್ಲಿ ಎದ್ದಿರುವ ಮನೆಗಳನ್ನು ನೋಡಬೇಕು. ಆರ್‌ಸಿಸಿ ತಾರಸಿ, ನೆಲಕ್ಕೆ ಮುಖ ಕಾಣುವ ಟೈಲ್ಸು, ಕಿಟಕಿಗೆ ಜಾರುವ ಗಾಜು. ಆ ಗಾಜನ್ನು ಗೃಹಪ್ರವೇಶದ ದಿನ ಒಮ್ಮೆ ಸರಿಸಿದ್ದಾರೆ. ಆಮೇಲೆ ‘ಧೂಳು ಬರ್ತೈತೆ’ ಅಂತ ಮುಚ್ಚಿದ್ದು ಮುಚ್ಚಿದ್ದೇ. ಹಳೇ ಮನೆಯಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು, ಬೆಳಕಿಂಡಿಯಿಂದ ಗಾಳಿ ಬರುತ್ತಿತ್ತು, ಜೊತೆಗೆ ಒಂದೆರಡು ಗುಬ್ಬಿಯೂ ಬರುತ್ತಿದ್ದವು. ಹೊಸ ಮನೆಯಲ್ಲಿ ಮೂರಕ್ಕೂ ಪ್ರವೇಶವಿಲ್ಲ. ಹಾಗೆ ಉಸಿರು ಕಟ್ಟಿಸಿಕೊಂಡ ಮನೆಗೆ ಉಸಿರು ತುಂಬಲು ಇತ್ತೀಚೆಗೆ ಒಂದು ಬಿಳಿ ಡಬ್ಬ ಬಂದು ಟಿವಿ ಪಕ್ಕ ಕೂತಿದೆ. ಅದರ ಹೆಸರು ಏರ್ ಪ್ಯೂರಿಫೈಯರ್.

ಡಬ್ಬ ತರಿಸಿಕೊಂಡ ಯಜಮಾನರಿಗೆ ಇಲ್ಲಿ ಹೆಸರಿಡುವುದು ಬೇಡ. ಕಡೂರು, ತರೀಕೆರೆ, ಅಜ್ಜಂಪುರ, ಮೂರು ತಾಲ್ಲೂಕಿನಲ್ಲಿ ಯಾವ ಊರಿಗೆ ಹೋಗಿ ಬಾಗಿಲು ತಟ್ಟಿದರೂ ಅವರೇ ತೆಗೆಯುತ್ತಾರೆ. ಅವರ ಮಗ ಬೆಂಗಳೂರಿನಲ್ಲಿದ್ದಾನೆ. ಕೊರಿಯರ್ ಮಾಡಿದವನು ಅವನೇ. ಪೆಟ್ಟಿಗೆ ಒಡೆದ ಕೂಡಲೇ ಯಜಮಾನರ ಮನೆಯವರು ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಗಾಳಿ ಹೊರಬರುವ ಕಂಡಿಗೆ ಒಂದು ಸೇವಂತಿಗೆ ಸಿಕ್ಕಿಸಿ, ಊದುಬತ್ತಿ ಐದು ಹಚ್ಚಿ, ಕರ್ಪೂರ ಬೆಳಗಿದರು. ಅಲ್ಲಿಯತನಕ ಹಸಿರಾಗಿದ್ದ ದೀಪ ಹಳದಿಗೆ ತಿರುಗಿ, ಮಂಗಳಾರತಿ ಹೊತ್ತಿಗೆ ಕೆಂಡದಂತಾಗಿ, ಒಳಗಿನ ಫ್ಯಾನು ಹೋ ಎಂದು ಭೋರ್ಗರೆಯಿತು. ಎಲ್ಲರೂ ಕೈಮುಗಿದರು. ಮಾರನೇ ದಿನ ನಾನು ಹೋದಾಗ ಕೇಳಿದೆ, “ಏನ್ ಯಜಮಾನ್ರೇ, ಮಿಷನ್ ಕೆಂಪಾಗೈತಲ್ಲ?” “ಅದು ಪೂಜೆ ಹೊತ್ತಿಗೆ ಹಂಗೇ ಕಣಪ್ಪ. ಒಳ್ಳೇ ಕಳೆ ಐತೆ ಅದ್ರಲ್ಲಿ.”

ಊದುಬತ್ತಿಯ ಹೊಗೆಯಲ್ಲಿ ಪಿಎಂ 2.5 ಎಂಬ ಕಣ ಇದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದು, ಮೂಗಿನ ಕೂದಲಿಗೆ ಸಿಗದೆ ನೇರ ಶ್ವಾಸಕೋಶದ ತಳಕ್ಕೆ ಇಳಿಯುವಂಥದ್ದು. ಇದನ್ನು ಹೇಳಹೋದರೆ ನಾಸ್ತಿಕನ ಪಟ್ಟ ಸಿಗುತ್ತದೆಂದು ಸುಮ್ಮನಾದೆ. ಸಂಜೆಯ ಪಾಳಿ ಸೊಳ್ಳೆ ಬತ್ತಿಯದು. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಈ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನಿಂದ ಬರುವಷ್ಟಿರುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ಯಜಮಾನರು ಬೀಡಿ ಬಿಟ್ಟು ವರ್ಷಗಳಾದವು, ಆ ಬಗ್ಗೆ ಅವರಿಗೆ ಹೆಮ್ಮೆಯೂ ಇದೆ. ಸೊಳ್ಳೆ ಬತ್ತಿ ಮಾತ್ರ ಮಂಚದ ಕೆಳಗೆ, ರಾತ್ರಿಗೆಂದು ಹಾಲಿನಿಂದ ಎತ್ತಿ ತಂದ ಪ್ಯೂರಿಫೈಯರ್ ಮಂಚದ ಪಕ್ಕ. ರಾತ್ರಿಯೆಲ್ಲ ಒಂದು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಕರೆಂಟ್ ಬಿಲ್ಲು ಮಗನ ಫೋನ್‌ಪೇಯಿಂದ ಹೋಗುತ್ತದೆ.

ಈ ಡಬ್ಬದ ಹೊಟ್ಟೆಯಲ್ಲಿರುವ, ಹೆಪಾ ಎಂಬ ಫಿಲ್ಟರ್ ಕಾಗದದ ಹುಟ್ಟು ಸಾಮಾನ್ಯದ್ದಲ್ಲ. 1940ರ ದಶಕದಲ್ಲಿ ಅಮೆರಿಕದವರು ಅಣುಬಾಂಬ್ ಮಾಡುತ್ತಿದ್ದಾಗ ವಿಕಿರಣದ ಕಣ ಗಾಳಿಗೆ ಸೇರಬಾರದೆಂದು ಈ ಜಾತಿಯ ಫಿಲ್ಟರುಗಳನ್ನು ಬೆಳೆಸಿದರು. ಬಾಂಬಿನ ಬೂದಿ ಹಿಡಿಯಲು ಹುಟ್ಟಿದ್ದು ಈಗ ಅಮೃತಾಪುರದಲ್ಲಿ ಕರ್ಪೂರದ ಮಸಿ ಹಿಡಿಯುತ್ತ ಕೂತಿದೆ. ಹಿಡಿಯುತ್ತಿದೆ ಎಂದೇನೂ ಧೈರ್ಯವಾಗಿ ಹೇಳುವಂತಿಲ್ಲ. ದೀಪಾವಳಿಗೆ ಊರಿಗೆ ಬಂದ ಮಗ ಹಿಂಬದಿಯ ಮುಚ್ಚಳ ತೆಗೆದು ನೋಡಿದ. ಫಿಲ್ಟರು ಒಳಗಿತ್ತು. ಫಿಲ್ಟರಿನ ಮೇಲೆ ಕಂಪನಿ ಸುತ್ತಿ ಕಳಿಸಿದ್ದ ಪ್ಲಾಸ್ಟಿಕ್ ಕವರೂ ಇತ್ತು. ಗಂಟು ಹಾಗೇ ಇತ್ತು, ‘ಬಳಸುವ ಮುನ್ನ ತೆಗೆಯಿರಿ’ ಎಂಬ ಚೀಟಿಯೂ ಹಾಗೇ ಇತ್ತು. ಯುಗಾದಿಯಿಂದ ದೀಪಾವಳಿವರೆಗೆ ಯಂತ್ರ ಫ್ಯಾನಿನ ಕೆಲಸವನ್ನಷ್ಟೇ ಮಾಡಿತ್ತು, ಅದನ್ನೂ ಸರಿಯಾಗಿ ಮಾಡಿರಲಿಲ್ಲ.

“ಅಪ್ಪಾಜಿ, ಕವರ್ ತೆಗ್ದಿಲ್ವಲ್ಲ!”

“ಕವರ್ ತೆಗೆದ್ರೆ ಧೂಳು ಕೂರಲ್ವೇನೋ ಒಳಗೆ?”

ತರ್ಕದಲ್ಲಿ ತಪ್ಪೇನೂ ಇಲ್ಲ. ಟಿವಿ ರಿಮೋಟಿಗೂ, ಕಾರಿನ ಸೀಟಿಗೂ, ಹೊಸ ಸೋಫಾಕ್ಕೂ ಪ್ಲಾಸ್ಟಿಕ್ ತೆಗೆಯದ ಮನೆಯಲ್ಲಿ ಫಿಲ್ಟರ್ ಒಂದಕ್ಕೆ ಬೇರೆ ನ್ಯಾಯ ಯಾಕೆ?

ಅಡಿಕೆ ವಿಚಾರದಲ್ಲಿ ಇದೇ ಯಜಮಾನರಿಗೆ ಟೋಪಿ ಹಾಕಲು ಬ್ರಹ್ಮನಿಂದಲೂ ಆಗದು. ಒಂದು ಹಿಡಿ ಕೈಗಿಟ್ಟರೆ ಬೆರಳಲ್ಲಿ ಉಜ್ಜಿ, ಹಲ್ಲಲ್ಲಿ ಕಡಿದು, ಇದು ರಾಶಿ, ಇದು ಬೆಟ್ಟೆ, ಇದರಲ್ಲಿ ಗೊರಬಲು ಬೆರೆಸಿದ್ದಾರೆ, ಇದಕ್ಕೆ ಚೊಗರು ಸರಿಯಾಗಿ ಹಿಡಿದಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಶಿವಮೊಗ್ಗ ಮಾರುಕಟ್ಟೆಯ ಧಾರಣೆ ಬೆಳಗಿನ ಕಾಫಿಗೆ ಮೊದಲೇ ಬಾಯಲ್ಲಿರುತ್ತದೆ. ‘ಬೆಟ್ಟೆ ತರಹದ್ದು’ ಎಂದು ಯಾವನಾದರೂ ಮೂಟೆ ತಂದಿಳಿಸಿದರೆ ಅಡಿಕೆ ಮಾರಾಟ ಸಂಘ ಮಾಮ್ಕೋಸಿನ ಬಾಗಿಲಲ್ಲೇ ಅವನ ಮಾನ ಹರಾಜು ಹಾಕುತ್ತಾರೆ. ಅಂಥವರು ಪೆಟ್ಟಿಗೆಯ ಮೇಲೆ ‘ಹೆಪಾ ಟೈಪ್’ ಎಂದು ಬರೆದದ್ದನ್ನು ಓದಿ, ಟೈಪಿಗೆ ಟೈಪ್ ಸೇರಿದರೆ ಒಳ್ಳೆಯದೇ ಅಂದುಕೊಂಡು ಬಿಟ್ಟರು. ನಿಜವಾದ ಹೆಪಾ ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97ನ್ನು ಹಿಡಿಯಬೇಕು, ಐರೋಪ್ಯ ಲೆಕ್ಕದಲ್ಲಿ ಎಚ್13 ಎಂದು ಬರೆದಿದ್ದರೆ, ಯಾವ ಗಾತ್ರದ ಕಣ ಅತಿ ಸುಲಭವಾಗಿ ನುಸುಳುತ್ತದೋ ಅದರಲ್ಲೇ 99.95ನ್ನು. ‘ಟೈಪ್’, ‘ಲೈಕ್’, ‘ಸ್ಟೈಲ್’ ಎಂಬ ಬಾಲ ಅಂಟಿದ್ದಕ್ಕೆ ಯಾವ ಲೆಕ್ಕವೂ ಇಲ್ಲ. ಅದು ನೂರಕ್ಕೆ ತೊಂಬತ್ತು ಹಿಡಿಯಬಹುದು, ಐವತ್ತು ಹಿಡಿಯಬಹುದು, ಯಜಮಾನರನ್ನೇ ಹಿಡಿಯಬಹುದು.

ಇಲ್ಲೊಂದು ತಮಾಷೆ ಇದೆ. ಫಿಲ್ಟರ್ ಎಂದರೆ ಜರಡಿ, ಕಣ ಸಣ್ಣದಾದಷ್ಟೂ ಸಲೀಸಾಗಿ ನುಸುಳುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಹಾಗಲ್ಲ. ದಪ್ಪ ಕಣಕ್ಕೆ ಜಡತ್ವ ಜಾಸ್ತಿ, ತಿರುವಿನಲ್ಲಿ ತಿರುಗಲಾರದೆ ಎಳೆಗೆ ಡಿಕ್ಕಿ ಹೊಡೆದು ಸಿಕ್ಕಿಬೀಳುತ್ತದೆ. ತೀರಾ ಸಣ್ಣದಕ್ಕೆ ನೆಟ್ಟಗೆ ನಡೆಯುವ ಅಭ್ಯಾಸವೇ ಇಲ್ಲ; ತರೀಕೆರೆ ಸಂತೆ ಮುಗಿಸಿ ಒಂದಿಷ್ಟು ಏರಿಸಿಕೊಂಡು ಹೊರಟವನ ಹಾಗೆ ಅತ್ತ ವಾಲಿ ಇತ್ತ ವಾಲಿ, ಯಾವುದಾದರೂ ಎಳೆಯನ್ನು ತಬ್ಬಿಕೊಂಡೇ ತೀರುತ್ತದೆ. ತೊಂದರೆ ಇರುವುದು ನಡುವಿನವನಿಂದ. ಅಷ್ಟು ದಪ್ಪವೂ ಅಲ್ಲ, ಅಷ್ಟು ಸಣ್ಣದೂ ಅಲ್ಲ, ಕುಡಿದೂ ಇಲ್ಲ. ಅವನ ಗಾತ್ರ ಸುಮಾರು 0.3 ಮೈಕ್ರಾನ್. ಪರೀಕ್ಷೆಯನ್ನು ಅವನ ಮೇಲೇ ಯಾಕೆ ಮಾಡುತ್ತಾರೆ ಎಂಬುದು ಈಗ ತಿಳಿಯಿತಲ್ಲ. ಇನ್ನು ಹೊಗೆಯ ವಾಸನೆ, ಪೇಂಟಿನ ಘಾಟು ಇವೆಲ್ಲ ಕಣವೇ ಅಲ್ಲ, ಅನಿಲ. ಹೆಪಾ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದಕ್ಕೆ ಇದ್ದಿಲ ಫಿಲ್ಟರ್ ಬೇಕು, ಅದರಲ್ಲೂ ಒಂದಿಷ್ಟು ತೂಕದ ಇದ್ದಿಲಿರಬೇಕು. ಸ್ಪಂಜಿನ ಮೇಲೆ ಮಸಿ ಉದುರಿಸಿ ‘ಕಾರ್ಬನ್’ ಎಂದು ಕರೆದದ್ದು ನಾಲ್ಕು ದಿನಕ್ಕೆ ಸೋಲುತ್ತದೆ. ಮತ್ತೆ ಕೆಲವು ಡಬ್ಬಗಳಲ್ಲಿ ಅಯಾನು ಬಿಡುವ ಗುಂಡಿ ಇರುತ್ತದೆ. ಇಂಥವುಗಳಲ್ಲಿ ಕೆಲವು ಓಝೋನ್ ಹುಟ್ಟಿಸುತ್ತವೆ, ಅದು ಎದೆಗೆ ಒಳ್ಳೆಯದಲ್ಲ. ಮಳೆ ಬಂದ ಹಾಗೆ ವಾಸನೆ ಬರುತ್ತದೆ ಅಂತ ಯಜಮಾನರು ಅದನ್ನು ಸದಾ ಒತ್ತಿಟ್ಟಿರುತ್ತಾರೆ.

ಯಂತ್ರದ ಶಕ್ತಿಯನ್ನು ಸಿಎಡಿಆರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ. ಕೋಣೆಯ ಚದರಡಿಯ ಮೂರರಲ್ಲಿ ಎರಡು ಭಾಗದಷ್ಟಾದರೂ ಇರಬೇಕು. ಅಂದರೆ 12ಕ್ಕೆ 15 ಅಡಿಯ ಹಾಲಿಗೆ, 180 ಚದರಡಿಗೆ, 120. ಆಗ ಗಂಟೆಗೆ ಐದು ಸಲ ಕೋಣೆಯ ಗಾಳಿಯೆಲ್ಲ ಫಿಲ್ಟರಿನೊಳಗೆ ಹಾದುಬರುತ್ತದೆ. ಆದರೆ ಈ ಲೆಕ್ಕ ಹಾಕಿದ ಪುಣ್ಯಾತ್ಮನ ಮನೆಯ ತಾರಸಿ ಎಂಟಡಿ ಎತ್ತರದ್ದು. ನಮ್ಮ ಯಜಮಾನರು ಹಾಲಿಗೆ ‘ಡೂಪ್ಲೆಕ್ಸ್’ ಎಂದು ಎರಡಂತಸ್ತಿನ ಎತ್ತರ ಕೊಟ್ಟು, ನಡುವೆ ಗಾಜಿನ ತೂಗುದೀಪ ಇಳಿಬಿಟ್ಟಿದ್ದಾರೆ. ಹದಿನೈದು ಅಡಿ ಎಂದಿಟ್ಟುಕೊಂಡರೂ 225 ಬೇಕು. ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲೇ ಇಲ್ಲ, ‘ಓಪನ್ ಕಿಚನ್’. ಮಗ ಕಳಿಸಿದ ಡಬ್ಬ ಒಂದು ಮಲಗುವ ಕೋಣೆಗೆ ಸಾಲುವಂಥದ್ದು. ಪೆಟ್ಟಿಗೆ ಮೇಲೆ ‘500 ಚದರಡಿವರೆಗೆ’ ಎಂದು ಬರೆದಿದೆ. ‘ವರೆಗೆ’ ಎಂಬ ಪದದ ಆಚೆ ಏನಿದೆ ಎಂದು ಕಂಪನಿ ಹೇಳುವುದಿಲ್ಲ. ಗಂಟೆಗೆ ಒಂದೇ ಸಲ ಗಾಳಿ ತಿರುಗಿಸುವುದಾದರೆ 500 ಏನು, ಅಮೃತೇಶ್ವರನ ಮಂಟಪಕ್ಕೂ ಸಾಲುತ್ತದೆ ಎಂದು ಬರೆಯಬಹುದು.

ಗಿಡ ಇಟ್ಟರೆ ಸಾಕು ಅನ್ನುವ ಇನ್ನೊಂದು ಪಂಗಡವಿದೆ. ಯಜಮಾನರ ಸೊಸೆ ಆ ಪಂಗಡದವಳು. 1989ರಲ್ಲಿ ನಾಸಾ ಮುಚ್ಚಿದ ಪುಟ್ಟ ಗೂಡುಗಳಲ್ಲಿ ಗಿಡಗಳಿಟ್ಟು ಮಾಡಿದ ಪ್ರಯೋಗವೇ ಅವಳ ವಾಟ್ಸಾಪಿನ ವೇದ. 2019ರಲ್ಲಿ ಇಬ್ಬರು ವಿಜ್ಞಾನಿಗಳು ಅಂಥ ಹಳೆಯ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ, ಕಿಟಕಿ ಬಾಗಿಲ ಸಂದಿಯಿಂದ ತಾನಾಗಿ ಆಡುವ ಗಾಳಿಯಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಎಂದರು. ಅಂದರೆ ಹಾಲನ್ನೇ ತೋಟ ಮಾಡಬೇಕು. ಸುತ್ತ ಎಕರೆಗಟ್ಟಲೆ ಅಡಿಕೆ, ತೆಂಗು, ಬಾಳೆ ಇರುವ ಮನೆಯವರು ಆನ್‌ಲೈನಿನಲ್ಲಿ ನರ್ಸರಿಯ ಸ್ನೇಕ್ ಪ್ಲಾಂಟ್ ತರಿಸಿ ಟೀಪಾಯಿ ಮೇಲಿಟ್ಟಿದ್ದಾರೆ. ಕಿಟಕಿ ಸರಿಸಿದರೆ ತೋಟವೇ ಒಳಗೆ ಬರುತ್ತದೆ. ಆದರೆ ತೋಟದ್ದು ಪುಕ್ಕಟೆ ಗಾಳಿ.

ಇನ್ನು ಫಿಲ್ಟರ್ ಬದಲಾವಣೆಯ ವಿಚಾರ. ಇದು ಬಂದರೆ ಅಮೃತಾಪುರ, ಅಮೆರಿಕ ಎಲ್ಲ ಒಂದೇ.

ಯಜಮಾನರ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಇಡೀ ಮನೆಗೆ ಬಿಸಿಗಾಳಿ ಊದುವ ಯಂತ್ರ ನೆಲಮಾಳಿಗೆಯಲ್ಲಿರುತ್ತದಂತೆ, ಅದರ ಬಾಯಿಗೆ ರಟ್ಟಿನ ಚೌಕಟ್ಟಿನ ಫಿಲ್ಟರ್ ತುರುಕಬೇಕಂತೆ. ಅದಕ್ಕೆ ಮರ್ವ್ ಎಂಬ ದರ್ಜೆ. 8ಕ್ಕೆ ಧೂಳು, 13ಕ್ಕೆ ಹೊಗೆಯ ಕಣ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದು ಬರೆದಿರುತ್ತದೆ; ಚೌಕಟ್ಟಿನ ಮೇಲೆ ಗಾಳಿ ಹೋಗುವ ದಿಕ್ಕಿಗೆ ಬಾಣದ ಗುರುತೂ ಇರುತ್ತದೆ. 2023ರ ಜೂನಿನಲ್ಲಿ ಕೆನಡಾದ ಕಾಡು ಹೊತ್ತಿ ನ್ಯೂಯಾರ್ಕಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅಳಿಯಂದಿರು ಮೊದಲ ಬಾರಿಗೆ ಕೆಳಗಿಳಿದು ನೋಡಿದರು. ಮನೆ ಕೊಂಡಾಗ ಇದ್ದ ಫಿಲ್ಟರೇ ಇತ್ತು, ಬಾಣ ಹಿಂದುಮುಂದಾಗಿತ್ತು. ಮಗಳು ಅಪ್ಪನಿಗೆ ನಗುತ್ತ ಹೇಳಿದಳು. ಯಜಮಾನರು ಅಳಿಯನ ಪರ ನಿಂತರು: ನಮ್ಮೂರ ದೇವಸ್ಥಾನದ ದಕ್ಷಿಣದ ಗೋಡೆಯಲ್ಲಿ ಎಪ್ಪತ್ತು ಫಲಕದ ರಾಮಾಯಣವನ್ನೇ ಅಪ್ರದಕ್ಷಿಣವಾಗಿ ಕೆತ್ತಿದ್ದಾರೆ, ಯಾರಾದರೂ ದಂಡನಾಯಕನನ್ನು ಕೇಳಿದರಾ?

ಅದೇ ಮಗಳು ಒಂದು ಅಗ್ಗದ ಉಪಾಯವನ್ನೂ ಹೇಳಿದಳು. ಕೋವಿಡ್ ಕಾಲದಲ್ಲಿ, 2020ರಲ್ಲಿ, ರಿಚರ್ಡ್ ಕೋರ್ಸಿ, ಜಿಮ್ ರೋಸೆಂತಾಲ್ ಎಂಬಿಬ್ಬರು ಅಮೆರಿಕನ್ನರು ಮರ್ವ್ 13ರ ನಾಲ್ಕೈದು ಫಿಲ್ಟರುಗಳನ್ನು ಡಬ್ಬದ ಆಕಾರದಲ್ಲಿ ಟೇಪು ಹಾಕಿ ಅಂಟಿಸಿ, ಮೇಲೆ ಒಂದು ಚೌಕ ಫ್ಯಾನ್ ಕೂರಿಸುವ ವಿಧಾನ ಹೇಳಿಕೊಟ್ಟರು. ದುಬಾರಿ ಯಂತ್ರಗಳಿಗೆ ಸರಿಸಮ ಗಾಳಿ ಕೊಡುತ್ತದೆ. ಯಜಮಾನರು ಚಿತ್ರ ನೋಡಿ ಮೂಗು ಮುರಿದರು. “ಬಂದೋರು ಏನಂದ್ಕಂತಾರೆ? ಕೋಳಿ ಗೂಡು ಅಂತಾರೆ.”

ಅಮೃತಾಪುರದ ಡಬ್ಬಕ್ಕೆ ಫಿಲ್ಟರ್ ಬದಲಿಸುವ ಹೊತ್ತು ಬಂದಾಗ ಪುಟ್ಟ ಕೆಂಪು ಚುಕ್ಕಿ ಹತ್ತಿಕೊಂಡಿತು. ಅನೇಕ ಯಂತ್ರಗಳಲ್ಲಿ ಆ ಚುಕ್ಕಿಗೆ ಫಿಲ್ಟರು ಎಷ್ಟು ಕಟ್ಟಿಕೊಂಡಿದೆ ಎಂಬುದು ಗೊತ್ತಿರುವುದಿಲ್ಲ. ಅದು ಎಣಿಸುವುದು ಬರೀ ಗಂಟೆ. ಶುದ್ಧವಾದ ಕೋಣೆಯಲ್ಲಿ ಓಡಿದ್ದಕ್ಕೂ ಅಡಿಕೆ ಸುಲಿಯುವ ಮಿಷನ್ನಿನ ಪಕ್ಕ ಓಡಿದ್ದಕ್ಕೂ ಒಂದೇ ಹಾಜರಿ. ಹಾಗಾಗಿ ಚುಕ್ಕಿ ನೋಡಿ ಬದಲಿಸುವುದಕ್ಕಿಂತ ಮುಚ್ಚಳ ತೆಗೆದು ಕಣ್ಣಲ್ಲಿ ನೋಡುವುದು ಮೇಲು: ಮಡಿಕೆಗಳು ಬೂದಿಯ ಬಣ್ಣಕ್ಕೆ ತಿರುಗಿವೆಯೇ, ಹೊರಬರುವ ಗಾಳಿ ಮೊದಲಿನಷ್ಟಿದೆಯೇ, ವಾಸನೆ ಹೋಗುತ್ತಿದೆಯೇ. ಕಟ್ಟಿಕೊಂಡ ಹೆಪಾ ಕಣ ಹಿಡಿಯುವುದನ್ನು ಬಿಡುವುದಿಲ್ಲ, ಗಾಳಿ ಬಿಡುವುದನ್ನು ಬಿಡುತ್ತದೆ. ಗಾಳಿಯೇ ಹಾಯದ ಮೇಲೆ ಹಿಡಿಯುವುದೇನನ್ನು? ಹೊಸ ಫಿಲ್ಟರಿಗೆ ಮೂರು ಸಾವಿರ ಎಂದು ಮಗ ಹೇಳಿದ. ಯಜಮಾನರು ಗುಂಡಿಯನ್ನು ಅದುಮಿ ಹಿಡಿದುಕೊಂಡರು. ಚುಕ್ಕಿ ಆರಿತು.

“ಸರಿ ಹೋಯ್ತು ನೋಡು. ಸುಮ್ನೆ ಮೂರ್ ಸಾವ್ರ ಅಂತೀಯ.”

ಇದನ್ನು ಅವರು ಎಲ್ಲೂ ಕಲಿತದ್ದಲ್ಲ, ಸರ್ಕಾರಿ ಕಚೇರಿಗಳಿಗೆ ಅಲೆದೂ ಅಲೆದೂ ರಕ್ತಕ್ಕೆ ಇಳಿದದ್ದು. ರಸ್ತೆಗೆ ಡಾಂಬರಿಲ್ಲ ಎಂದು ದೂರು ಕೊಟ್ಟರೆ ನಾಲ್ಕು ದಿನಕ್ಕೆ ‘ನಿಮ್ಮ ದೂರನ್ನು ವಿಲೇವಾರಿ ಮಾಡಲಾಗಿದೆ’ ಎಂದು ಮೆಸೇಜ್ ಬರುತ್ತದೆ, ರಸ್ತೆ ಹಾಗೇ ಇರುತ್ತದೆ. ಅಲ್ಲಿಯೂ ಯಾರೋ ಒಬ್ಬರು ಗುಂಡಿ ಅದುಮಿ ಹಿಡಿದುಕೊಂಡಿದ್ದಾರೆ.

ಕಡೆಗೆ ಫಿಲ್ಟರನ್ನು ಹೊರತೆಗೆದದ್ದು ಯಜಮಾನರ ಮನೆಯವರು. ಧೂಳು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಮೊದಲು ಜಗಲಿಕಟ್ಟೆಗೆ ಎರಡು ಬಡಿದರು. ಇಷ್ಟು ತಿಂಗಳು ಕಷ್ಟಪಟ್ಟು ಹಿಡಿದಿದ್ದೆಲ್ಲ ಒಂದೇ ಉಸಿರಿಗೆ ಅವರ ಮೂಗಿಗೆ ಬಂತು. ಕೆಮ್ಮಿಕೊಂಡೇ ಬಚ್ಚಲಿಗೆ ಒಯ್ದು, ಸೋಪಿನ ಪುಡಿಯಲ್ಲಿ ನೆನೆಸಿ, ಬಟ್ಟೆ ಬ್ರಷ್ಷಿನಲ್ಲಿ ಉಜ್ಜಿ, ತಂತಿಗೆ ಕ್ಲಿಪ್ ಹಾಕಿ ಬಿಸಿಲಿಗೆ ನೇತುಹಾಕಿದರು. ಹೊರಗಿನ ಬಲೆಯನ್ನು ತೊಳೆಯಬಹುದು, ತೊಳೆಯಲೇಬೇಕು. ಒಳಗಿನ ಹೆಪಾ ನೀರು ಕಂಡರೆ ಸತ್ತಿತು. ಸಂಜೆ ಹೊತ್ತಿಗೆ ಮಡಿಕೆಗಳೆಲ್ಲ ಬಿಚ್ಚಿ ಒಂದಕ್ಕೊಂದು ಅಂಟಿ, ನೆನೆದು ಒಣಗಿದ ಪಂಚಾಂಗವಾಗಿತ್ತು. ಬೆಳ್ಳಗಂತೂ ಆಗಿತ್ತು. “ಎಷ್ಟ್ ಕೊಳೆ ಇತ್ತು ಗೊತ್ತಾ? ಕಂಪನಿಯೋರು ಹಿಂಗೆ ಕಳಿಸ್ತಾರಾ?” ಎಂದು ಅದನ್ನೇ ಮತ್ತೆ ಡಬ್ಬದೊಳಗೆ ಕೂರಿಸಿದರು. ಗಾಳಿ ಜೋರಾಗಿ ಬರತೊಡಗಿತು. ಬರದೆ ಏನು, ತಡೆಯಲು ಒಳಗೆ ಏನಿತ್ತು?

ಬೆಂಗಳೂರಿನ ಮಗನ ವಿಚಾರ ಹೇಳಬೇಕು. ಡಬ್ಬಕ್ಕೆ ವೈಫೈ ಇದೆ. ಅಪ್ಪನಿಗೆ ಅವನು ಫೋನ್ ಮಾಡುವುದು ತಿಂಗಳಿಗೊಮ್ಮೆ, ಅಪ್ಪನ ಹಾಲಿನ ಗಾಳಿಯನ್ನು ಫೋನಿನಲ್ಲಿ ನೋಡುವುದು ದಿನಕ್ಕೆ ಎರಡು ಸಲ. ಪಿತೃಭಕ್ತಿ ಈಗ ಮೈಕ್ರೋಗ್ರಾಮಿನಲ್ಲಿ ಸಿಗುತ್ತದೆ. ಆ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಅಳೆಯುವ ಕಣ್ಣು ಡಬ್ಬದ ಮೈಯಲ್ಲೇ ಇರುವುದರಿಂದ ಅದು ಅಳೆಯುವುದು ತನ್ನ ಸುತ್ತಲಿನ ಗಾಳಿಯನ್ನು. ತಾನೇ ಬರೆದ ಪರೀಕ್ಷೆಯನ್ನು ತಾನೇ ತಿದ್ದಿಕೊಂಡು ತನಗೇ ಅಂಕ ಕೊಟ್ಟುಕೊಳ್ಳುವ ಏರ್ಪಾಡು. ಊರಿನ ಗಾಳಿಗೆ ಇನ್ನೊಂದು ಆ್ಯಪ್ ಇದೆ. ಅದು ದೂರದ ಯಾವುದೋ ನಗರದ ಮಾಪಕಕ್ಕೆ ಉಪಗ್ರಹದ ಚಿತ್ರ ಕೂಡಿಸಿ ಅಮೃತಾಪುರಕ್ಕೊಂದು ಅಂದಾಜು ಬರೆಯುತ್ತದೆ. ಅಂದಾಜೇ ಆದರೂ ಮುಂದಿನ ಪ್ರಶ್ನೆ ಬರುತ್ತದೆ: ಎಷ್ಟಿದ್ದರೆ ಶುದ್ಧ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು, ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಮ್ ಮೀರಬಾರದು. ನಮ್ಮ ದೇಶದ 2009ರ ಮಾನದಂಡ 40. ಎಂಟು ಪಟ್ಟು. ಭಾರತೀಯರ ಪುಪ್ಪುಸ ಜಗತ್ತಿನವರದ್ದಕ್ಕಿಂತ ಎಂಟು ಪಟ್ಟು ಗಟ್ಟಿ ಎಂದು ಕಾನೂನೇ ಪ್ರಮಾಣಪತ್ರ ಕೊಟ್ಟಂತಾಯಿತು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತೆ ನಮ್ಮ ನೆರೆಯ ದಾವಣಗೆರೆ. ಹಳ್ಳಿಗೆ ಅಂಥ ಪಟ್ಟಿ ಇಲ್ಲ. ಹಳ್ಳಿ ಎಂದರೆ ಶುದ್ಧ ಗಾಳಿ ಎಂದು ಮೂರನೇ ಕ್ಲಾಸಿನ ಪಾಠದಲ್ಲೇ ಇತ್ಯರ್ಥವಾಗಿ ಹೋಗಿದೆ.

ಹೀಗಿರಲು ಒಂದು ನವೆಂಬರ್ ಬೆಳಿಗ್ಗೆ ಮಗನ ಫೋನ್ ಬಂತು. “ಅಪ್ಪಾಜಿ, ಮನೇಲಿ ಏನ್ ಸುಡ್ತಿದೀರ? ಮುನ್ನೂರು ತೋರಿಸ್ತಿದೆ!”

“ಮನೇಲಿ ಏನೂ ಇಲ್ಲಪ್ಪ. ಹೊರಗೆ ಸಿಪ್ಪೆ.”

ಈಗ ಅಸಲು ವಿಷಯಕ್ಕೆ ಬಂದೆವು. ಹಸಿ ಅಡಿಕೆಯ ತೂಕದಲ್ಲಿ ನೂರಕ್ಕೆ 60ರಿಂದ 80 ಭಾಗ ಸಿಪ್ಪೆಯದೇ. ಕೊಯ್ಲಿನ ಕಾಲದಲ್ಲಿ ಫಸಲು ಗುತ್ತಿಗೆ ಹಿಡಿದ ಚೇಣಿದಾರರ ಕಣದಲ್ಲಿ, ಚೇಣಿ ಕೊಡದವರ ಹಿತ್ತಲಲ್ಲಿ, ಹಗಲೂ ರಾತ್ರಿ ಸುಲಿಯುವ ಮಿಷನ್ ಗುಡುಗುತ್ತದೆ. ಅಡಿಕೆ ಹಂಡೆಗೆ ಹೋಗುತ್ತದೆ, ಚೊಗರಿನಲ್ಲಿ ಬೇಯುತ್ತದೆ, ಒಣಗುತ್ತದೆ, ಶಿವಮೊಗ್ಗಕ್ಕೆ ಹೋಗುತ್ತದೆ, ಅಲ್ಲಿಂದ ಉತ್ತರ ಭಾರತದವರ ದವಡೆಗೆ. ಸಿಪ್ಪೆ ಎಲ್ಲಿಗೂ ಹೋಗುವುದಿಲ್ಲ. ಟ್ರ್ಯಾಕ್ಟರಿನಲ್ಲಿ ತುಂಬಿ ರಸ್ತೆ ಬದಿಗೆ, ಕೆರೆ ಏರಿಗೆ, ಚಾನಲ್ ದಂಡೆಗೆ ಸುರಿದು ಬರುತ್ತಾರೆ. ಅರ್ಧ ಒಣಗಿದ ಮೇಲೆ ಕತ್ತಲಾದ ಹೊತ್ತಿಗೆ ಯಾರೋ ಕಡ್ಡಿ ಗೀರುತ್ತಾರೆ. ಯಾರು ಎಂದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಕಡೆ ಸಿಪ್ಪೆ ತಾನಾಗಿ ಹೊತ್ತಿಕೊಳ್ಳುವ ಜಾತಿಯದು.

ಉರಿದರೆ ಒಳ್ಳೆಯದಿತ್ತು, ಬೇಗ ಮುಗಿಯುತ್ತಿತ್ತು. ಅದು ಉರಿಯುವುದಿಲ್ಲ. ಮೇಲೆ ಒಣಗಿದ್ದು, ಒಳಗೆ ಹಸಿ. ಗುಡ್ಡೆಯ ಹೊಟ್ಟೆಗೆ ಗಾಳಿ ಹೋಗುವುದಿಲ್ಲ. ವಾರಗಟ್ಟಲೆ ಒಳಗೇ ಕೆಂಡ ಹಿಡಿದು, ಹಳದಿ ಬೆರೆತ ಬಿಳಿ ಹೊಗೆ ಬಿಡುತ್ತ ಕೂರುತ್ತದೆ. ಕಣ್ಣಿಗೆ ಖಾರ, ಗಂಟಲಿಗೆ ಒಗರು. ಕಾಲವೂ ಹೊಂದಿಬರುತ್ತದೆ: ಕಾರ್ತೀಕದ ಚಳಿಗೆ ರಾತ್ರಿ ನೆಲದ ಮೇಲಿನ ಗಾಳಿ ತಣ್ಣಗಾಗಿ ಮಲಗಿಬಿಡುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳ ಹಾಕುತ್ತದೆ, ಹೊಗೆ ಏರಲಾರದೆ ಊರಿನ ಮೇಲೆ ಹಾಸಿಕೊಳ್ಳುತ್ತದೆ. ಬೆಳಿಗ್ಗೆ ದೇವಸ್ಥಾನ ನೋಡಲು ಬಂದ ಪ್ರವಾಸಿಗರು ‘ಆಹಾ, ಮಲೆನಾಡಿನ ಮಂಜು’ ಎಂದು ಅದರಲ್ಲಿ ನಿಂತು ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಈ ದೇವಸ್ಥಾನದ ಶಿಲ್ಪಿ ಮಲ್ಲಿತಮ್ಮ ಉಳಿ ಹಿಡಿದ ಕಲ್ಲು ಪಾಪ, ಬಾಯಿಲ್ಲದ್ದು.

ಮನೆಯೊಳಗೂ ಒಂದು ಹೊಗೆ ಇತ್ತು, ಅದರ ಕತೆ ಹಳೆಯದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೂಟ ಹುಟ್ಟಿತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಹೊರಗೆ. ಹಳ್ಳಿಯ ಹೆಂಗಸರ ಎದೆಗೆ ಯಾವ ಬಿಳಿ ಡಬ್ಬಕ್ಕಿಂತಲೂ ದೊಡ್ಡ ಉಪಕಾರ ಮಾಡಬಹುದಾಗಿದ್ದ ವಸ್ತು. ಕೊಳವೆಯ ಮಸಿಯನ್ನು ಆಗಾಗ ಕೆರೆದು ತೆಗೆಯಬೇಕಿತ್ತು, ಅಷ್ಟೇ. ಎಷ್ಟೋ ಮನೆಗಳಲ್ಲಿ ಯಾರೂ ತೆಗೆಯಲಿಲ್ಲ, ಕೊಳವೆ ಕಟ್ಟಿತು, ಹೊಗೆ ಮತ್ತೆ ಅಡುಗೆಮನೆಗೆ ಬಂತು, ಒಲೆಗೆ ಕೆಟ್ಟ ಹೆಸರು ಬಂತು. 2016ರಲ್ಲಿ ಉಜ್ವಲಾ ಯೋಜನೆ ಬಂತು, ಸಿಲಿಂಡರ್ ಬಂತು. ಅಡುಗೆ ಗ್ಯಾಸಿನಲ್ಲಿ ಸರಿ. ಸ್ನಾನದ ನೀರು ಇವತ್ತಿಗೂ ಬಚ್ಚಲ ಹಂಡೆಯಲ್ಲೇ ಕಾಯಬೇಕು, ಒಲೆಗೆ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ. ಸೋಲಾರ್ ನೀರಿನಲ್ಲಿ ಮೈ ಬೆಚ್ಚಗಾಗುವುದಿಲ್ಲವಂತೆ. ಆ ಬಚ್ಚಲಿನ ಗೋಡೆಗೆ ಕೆಲವು ನೂರು ರೂಪಾಯಿಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಅರ್ಧ ಹೊಗೆ ಹೋದೀತು ಎಂದು ನಾನು ಹೇಳಿದ್ದೆ. ಟೈಲ್ಸ್ ಒಡೆಯಬೇಕಾಗುತ್ತದೆ ಅಂತ ಯಜಮಾನರು ಒಪ್ಪಲಿಲ್ಲ.

ಸಿಪ್ಪೆಗೆ ದಾರಿಯೇ ಇಲ್ಲ ಅಂತಲ್ಲ. ವಿಟ್ಲದ ಸಂಶೋಧನಾ ಕೇಂದ್ರದವರು ಅಡಿಕೆ ತೋಟದ ತ್ಯಾಜ್ಯವನ್ನು ಎರೆಗೊಬ್ಬರ ಮಾಡುವುದನ್ನು ಹೇಳಿಕೊಟ್ಟು ಕಾಲವಾಯಿತು. ಸಿಪ್ಪೆಯಲ್ಲಿ ಲಿಗ್ನಿನ್ ಹೆಚ್ಚು, ಬೇಗ ಕೊಳೆಯುವುದಿಲ್ಲ, ನಿಜ. ಸಗಣಿ ಬೆರೆಸಿ, ತೇವ ಕಾಪಾಡಿ, ತಿಂಗಳುಗಟ್ಟಲೆ ಕಾಯಬೇಕು. ಸುಮ್ಮನೆ ಮರದ ಬುಡಕ್ಕೆ ಹಾಸಿದರೂ ಬೇಸಿಗೆಯಲ್ಲಿ ನೀರು ಉಳಿಯುತ್ತದೆ. ಆದರೆ ಚೇಣಿದಾರನಿಗೆ ತೋಟವಿಲ್ಲ, ತೋಟದವನಿಗೆ ಸಿಪ್ಪೆ ವಾಪಸು ಹೊರಲು ಆಳಿಲ್ಲ. ಕಡ್ಡಿಪೆಟ್ಟಿಗೆಗೆ ಎರಡು ರೂಪಾಯಿ. ಕಾನೂನಿನ ಕಡೆಯಿಂದ ಹೇಳುವುದಾದರೆ, ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿದೆ. ಗ್ರಾಮಸಭೆಯಲ್ಲಿ ಇದನ್ನು ಎತ್ತಿದವನಿಗೆ ಸಿಕ್ಕ ಉತ್ತರ: “ದಂಡ ಹಾಕೋರು ಯಾರು? ಅವ್ರದ್ದೂ ಸಿಪ್ಪೆ ಐತೆ.” ಸಭೆ ಚಪ್ಪಾಳೆಯೊಂದಿಗೆ ಮುಂದಿನ ವಿಷಯಕ್ಕೆ ಹೋಯಿತು.

ಮಗ ಬೆಂಗಳೂರಿನಿಂದ ಹೊಸ ಫಿಲ್ಟರ್ ಕಳಿಸಿದ, ಈ ಸಲ ಎಚ್13, ಅಸಲಿ. ವಿಡಿಯೋ ಕಾಲಿನಲ್ಲಿ ಕೂತು ಪ್ಲಾಸ್ಟಿಕ್ ಕವರ್ ತೆಗೆಸಿದ. ಯಜಮಾನರು ಹಳೇ ಫಿಲ್ಟರನ್ನು ಹಿಡಿದು ಒಂದು ಕ್ಷಣ ಯೋಚಿಸಿದರು, ಕಸದ ಗಾಡಿ ಬರುವುದು ಇನ್ನೆಂದೋ. ಹಿತ್ತಲ ಬಾಗಿಲು ತೆಗೆದು, ರಸ್ತೆಯಾಚೆ ಹೊಗೆಯಾಡುತ್ತಿದ್ದ ಸಿಪ್ಪೆ ಗುಡ್ಡೆಯ ಮೇಲೆ ಎಸೆದು ಬಂದರು. ಪ್ಲಾಸ್ಟಿಕ್ ಎಳೆಯ ಫಿಲ್ಟರು, ಪ್ಲಾಸ್ಟಿಕ್ ಚೌಕಟ್ಟು, ಜೊತೆಗೆ ಮಗ ತೆಗೆಸಿದ ಕವರು. ಕರೀ ಹೊಗೆ ಸುತ್ತಿಕೊಂಡು ಪಕ್ಕದ ಮನೆಯ ಜಾರುವ ಗಾಜಿಗೆ ಬಡಿಯಿತು.

ಸಂಜೆ ಪಕ್ಕದ ಮನೆಯವರು ಕೆಮ್ಮಿಕೊಂಡೇ ಬಂದು ಜಗಲಿಯಲ್ಲಿ ಕೂತರು. “ಅಣ್ಣಯ್ಯ, ರಾತ್ರಿಯೆಲ್ಲ ನಿದ್ದೆ ಇಲ್ಲ ಮಾರಾಯ. ನಮ್ಮ ಹುಡುಗನೂ ಒಂದು ಮಿಷನ್ ತರಿಸ್ತೀನಿ ಅಂತಿದಾನೆ. ಯಾವ್ದು ತಗೊಳ್ಳೋದು?”

ಯಜಮಾನರು ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು ಮಡಿಚಿ ಬಾಯಿಗಿಟ್ಟುಕೊಂಡರು. ಗಾಳಿ ವಿಚಾರದಲ್ಲಿ ಊರಿಗೆ ಈಗ ಅವರೇ ಅನುಭವಿಗಳು.

“ಹೆಪಾ ಟೈಪ್ ಅಂತ ಬರುತ್ತೆ, ಅದನ್ನೇ ತಗೋ. ನನ್ ಮಗ ಈಗ ಕಳಿಸಿರೋದು ತೊಳೆಯಕ್ಕೇ ಬರಲ್ಲ.”